ಪೀಕ್ ಎರಡು ಬಂದವು, ಎಸ್ ಯಾವುದು?

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ (ಸ್ಯಾಂಪಲ್‌ನ ಅಂಶಗಳನ್ನು ಕಾಲಂ ಎಂಬ ಕೊಳವೆಯಲ್ಲಿ ಬೇರೆ ಮಾಡಿ, ಒಂದೊಂದನ್ನೂ ಪೀಕ್ ಆಗಿ ತೋರಿಸುವ ಯಂತ್ರ) ಮುಂದೆ ಕೂತು ಒಂಬತ್ತು ವರ್ಷವಾಯಿತು. ಕೈರಲ್ ಸ್ಯಾಂಪಲ್‌ಗೆ ಮೂರು ಡಿಟೆಕ್ಟರ್ ಹಚ್ಚಿ ನೋಡಿದ್ದೇನೆ: ಯುವಿ (ಅತಿನೇರಳೆ ಬೆಳಕು ಎಷ್ಟು ಹೀರಿತು ಅಂತ ನೋಡೋದು), ಸಿಡಿ (ಎಡಕ್ಕೆ ಸುತ್ತುವ, ಬಲಕ್ಕೆ ಸುತ್ತುವ ಬೆಳಕು ಹೀರುವುದರಲ್ಲಿನ ವ್ಯತ್ಯಾಸ ನೋಡೋದು), ಪೋಲಾರಿಮೀಟರ್ (ಬೆಳಕಿನ ಕಂಪನದ ದಿಕ್ಕು ಎಷ್ಟು ತಿರುಗಿತು ಅಂತ ನೋಡೋದು).

ಕೈರಲ್ ಜೋಡಿ ಅಂದರೆ ಒಂದಕ್ಕೊಂದು ಕನ್ನಡಿ ಬಿಂಬದಂಥ ಎರಡು ಅಣುಗಳು, ಎಡಗಾಲು, ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಒಂದಕ್ಕೆ ಎಸ್, ಇನ್ನೊಂದಕ್ಕೆ ಆರ್ ಅಂತ ಹೆಸರು. ತೂಕ ಒಂದೇ, ತೊಗಲು ಒಂದೇ, ಅದಲು ಬದಲಾದರೆ ಕಾಲಿಗೆ ಕೂರಲ್ಲ. ಆಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ನಲ್ಲಿ ಎರಡೂ ಇವೆ. ಲಿವೋಫ್ಲಾಕ್ಸಸಿನ್ ಅಂದರೆ ಅದರ ಎಸ್ ರೂಪ ಮಾತ್ರ.

ಯುವಿಗೆ ಇವೆರಡೂ ಒಂದೇ. ಬೇರೆ ಮಾಡುವ ಕೆಲಸವೆಲ್ಲ ಕೈರಲ್ ಕಾಲಂದು. ಅಮೈಲೋಸ್ ಕಾಲಂಗೆ ಹೆಕ್ಸೇನ್, ಐಪಿಎ ದ್ರಾವಕಗಳನ್ನು ಓಡಿಸಿದರೆ ನಮ್ಮ ಸ್ಯಾಂಪಲ್‌ನ ಪೀಕ್‌ಗಳು ಚೊಕ್ಕ ಬೇರೆಯಾಗುತ್ತವೆ. 0.1 ಪರ್ಸೆಂಟ್ ಕಲಬೆರಕೆ ಹಿಡಿಯೋಕೆ ನನಗೆ ನಂಬಿಕೆ ಇದರ ಮೇಲೇ.

ಆದರೆ ಒಮ್ಮೆ ಅದೇ ಕಾಲಂಗೆ ಯಾರೋ ಟಿಎಚ್‌ಎಫ್ ಎಂಬ ಬೇರೆ ದ್ರಾವಕ ಓಡಿಸಿಬಿಟ್ಟರು. ಕೋಟೆಡ್ ಕಾಲಂ ಅದು, ಒಳಗಿನ ಲೇಪ ಕರಗಿ ಹೋಯಿತು. ಬದಲಿಗೆ ಸೆಲ್ಯುಲೋಸ್‌ನ ಕೈರಲ್ ಕಾಲಂ ಹಾಕಿ ರೇಸಿಮಿಕ್ (ಎರಡೂ ರೂಪ ಸಮ ಇರುವ ಮಿಶ್ರಣ) ಬಿಟ್ಟೆ. 6.8 ನಿಮಿಷಕ್ಕೊಂದು, 8.1ಕ್ಕೊಂದು ಪೀಕ್. ಎರಡರ ಏರಿಯಾವೂ ಸಮ, ಗುರುತು ಹಿಡಿಯೋದು ಹೇಗೆ? ಹಳೇ ಕಾಲಂನ ರೂಢಿಯಂತೆ ಮೊದಲನೆಯದಕ್ಕೆ ಎಸ್ ಅಂತ ಬರೆದೆ.

ಹೈದರಾಬಾದಿನ ಗೆಳೆಯರೊಬ್ಬರ ಲ್ಯಾಬಿನಲ್ಲಿ ಅದನ್ನೇ ಸಿಡಿಗೆ ಹಾಕಿದಾಗ ಎದೆ ಧಸಕ್ ಅಂತು. ಸಿಡಿಯಲ್ಲಿ ಒಂದು ಪೀಕ್ ಮೇಲೇಳುತ್ತದೆ, ಇನ್ನೊಂದು ಬೇಸ್‌ಲೈನ್ ಕೆಳಗೆ ಇಳಿಯುತ್ತದೆ. ನಮ್ಮ ಎಸ್ ಮೇಲೇಳಬೇಕಿತ್ತು. ಇಲ್ಲಿ ಮೊದಲ ಪೀಕ್ ಕೆಳಗಿತ್ತು! ಕಾಲಂ ಬದಲಾಗಿದ್ದಕ್ಕೆ ಸರದಿಯೇ ತಿರುಗಿತ್ತು. ರಿಪೋರ್ಟ್ ಇನ್ನೂ ನನ್ನ ಟೇಬಲ್ ಮೇಲೇ ಇತ್ತು, ಪುಣ್ಯ.

ಹಂಗಂತ ಸಿಡಿಯೇ ಸಾಕು ಅನ್ನಬೇಡಿ. ಸಿಡಿ ಸಿಗ್ನಲ್‌ನ್ನು ಯುವಿಯಿಂದ ಭಾಗಿಸಿದರೆ ಬರುವ ಅನುಪಾತಕ್ಕೆ ಸ್ಯಾಂಪಲ್ ಹೆಚ್ಚು ಕಡಿಮೆ ಆದರೂ ಲೆಕ್ಕವಿಲ್ಲ. ಅದನ್ನು ನಂಬಿ, ಎರಡು ರೂಪಗಳನ್ನು ಬೇರೆ ಮಾಡದ ಸಾದಾ ಸಿ-18 ಕಾಲಂ ಮೇಲೆ ಒಂದೇ ಪೀಕ್‌ನಲ್ಲಿ ಶುದ್ಧತೆ ನೋಡಿದೆ. 90:10 ಮಿಶ್ರಣ ಸಲೀಸಾಗಿ ಗೊತ್ತಾಯಿತು. 99.5:0.5 ಇದ್ದಾಗ ಶುದ್ಧ ಮಾಲಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಪೋಲಾರಿಮೀಟರ್ ಒಂದು ವಾರ ಡೆಮೋಗೆ ಬಂದಿತ್ತು. ಯುವಿಗೆ ಸರಿಯಾಗಿ ಕಾಣದ ಮೆಂಥಾಲ್‌ನಂಥದ್ದಕ್ಕೆ ಒಳ್ಳೆಯದು. ಆದರೆ ಸ್ಯಾಂಪಲ್ ಜಾಸ್ತಿ ಬೇಕು, ಗ್ರೇಡಿಯೆಂಟ್ (ಓಡುತ್ತಿರುವಾಗಲೇ ದ್ರಾವಕದ ಪ್ರಮಾಣ ಬದಲಿಸೋದು) ಒಗ್ಗಲ್ಲ. ನಮ್ಮ ಏಪ್ರಿಲ್ ಸೆಕೆಗೆ ಎಸಿ ನಿಂತರೆ ಬೇಸ್‌ಲೈನ್ ತೇಲಾಡುತ್ತದೆ. ವಾಪಸ್ ಕಳಿಸಿದೆವು.

ದುಡ್ಡು ಒಂದಕ್ಕೇ ಇದೆ ಅಂದರೆ ಇಮೊಬಿಲೈಸ್ಡ್ (ಲೇಪ ಕರಗಿ ಹೋಗದಂತೆ ಬಂಧಿಸಿದ) ಕೈರಲ್ ಕಾಲಂ ತಗೊಳ್ಳಿ, ಯುವಿ ಹೇಗೂ ಇರುತ್ತದಲ್ವಾ. ಜೊತೆಗೆ ಶುದ್ಧ ಎಸ್ ಸ್ಟಾಂಡರ್ಡ್ ತರಿಸಿ. ನಾನು ಕಾಲಂ ಬದಲಾದಾಗೆಲ್ಲ ಮೊದಲ ಇಂಜೆಕ್ಷನ್ ಅದನ್ನೇ ಹಾಕುತ್ತೇನೆ. ಅದರ ಬಾಟಲಿ ಫ್ರಿಜ್‌ನಲ್ಲಿದೆ, ಬೀಗದ ಕೈ ನನ್ನ ಜೇಬಲ್ಲಿ.