ಐಎಸ್‌ಒ 9001 ಮತ್ತು ಜೆಡ್: ಸಣ್ಣ ಮೆಷಿನ್ ಶಾಪ್‌ಗೆ ಯಾವುದು?

ಪೀಣ್ಯದಲ್ಲಿ ನಮ್ಮದೊಂದು ಪುಟ್ಟ ಮೆಷಿನ್ ಶಾಪ್. ಲೇತ್‌ನಲ್ಲಿ ಬುಷ್, ಪಿನ್‌ನಂಥ ಲೋಹದ ಬಿಡಿಭಾಗ ಮಾಡಿ ಕೊಡುತ್ತೇವೆ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9001ರ ಸರ್ಟಿಫಿಕೇಟ್ ಮಾಡಿಸಿದ್ದೇವೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಗುಣಮಟ್ಟದ ಸರ್ಟಿಫಿಕೇಟ್ ಜೆಡ್‌ನ (ಝೀರೋ ಡಿಫೆಕ್ಟ್ ಝೀರೋ ಎಫೆಕ್ಟ್) ಮೊದಲ ಹಂತ ಬ್ರಾಂಜ್ ಕೂಡ ಇದೆ. ಒಂದನ್ನೇ ಇಟ್ಟುಕೊಳ್ಳಿ ಅಂದರೆ ಐಎಸ್‌ಒ ಇಟ್ಟುಕೊಳ್ಳುತ್ತೇನೆ. ಆದರೆ ಹೊಸಬರು ಜೆಡ್‌ನಿಂದ ಶುರು ಮಾಡುವುದೇ ಒಳ್ಳೆಯದು.

ಜೆಡ್ ಅಗ್ಗ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ದರೆ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ನಾವು ಮಾಡಿಸಿದಾಗ ಬ್ರಾಂಜ್ ಶುಲ್ಕ 10,000 ರೂಪಾಯಿ ಇತ್ತು. ಮೈಕ್ರೋ (ಅತಿ ಸಣ್ಣ) ಘಟಕಕ್ಕೆ ಶೇ. 80 ಸಬ್ಸಿಡಿ, ಅಂದರೆ ಕೈಯಿಂದ ಹೋಗುತ್ತಿದ್ದುದು 2,000, ತೆರಿಗೆ ಬೇರೆ. ಫೋಟೊ, ದಾಖಲೆ ಅಪ್‌ಲೋಡ್ ಮಾಡಬೇಕು. ಅದರ ನೆಪದಲ್ಲಿ ಶಾಪಿನ ನೆಲಕ್ಕೆ ಹಳದಿ ಗೆರೆ ಬಂತು. ಬೆಂಕಿ ಆರಿಸುವ ಸಿಲಿಂಡರ್‌ಗೆ ಅಡ್ಡ ಪೇರಿಸಿದ್ದ ರಾಡುಗಳು ಜಾಗ ಬಿಟ್ಟವು. ಕಡಿಮೆ ಏನಲ್ಲ. ಆದರೆ ಫೋಟೊದಲ್ಲಿ ಕಾಣದ್ದನ್ನು ಬ್ರಾಂಜ್ ಅಷ್ಟಾಗಿ ಕೆದಕುವುದಿಲ್ಲ. ಸಿಲ್ವರ್, ಗೋಲ್ಡ್‌ಗೆ ನಾವು ಹೋಗಿಲ್ಲ.

ಐಎಸ್‌ಒ ಕೆದಕುತ್ತದೆ. ಮೊದಲ ಹಂತದಲ್ಲಿ ಆಡಿಟರ್ ನೋಡಿದ್ದು ಹೆಚ್ಚಾಗಿ ಫೈಲ್. ಎರಡನೇ ಹಂತದಲ್ಲಿ ಒಂದು ಹಳೆ ಇನ್‌ವಾಯ್ಸ್ ಎಳೆದು, "ಈ ಬುಷ್ ಯಾವ ರಾಡಿಂದ ಬಂತು, ತೋರಿಸಿ ಸರ್" ಅಂದರು. ಇನ್‌ವಾಯ್ಸ್‌ನಿಂದ ಇನ್‌ಸ್ಪೆಕ್ಷನ್ ರಿಪೋರ್ಟ್, ಅಲ್ಲಿಂದ ಜಾಬ್ ಕಾರ್ಡ್ (ಆ ಕೆಲಸದ ವಿವರದ ಚೀಟಿ), ಕೊನೆಗೆ ರಾಡಿನ ಹೀಟ್ ನಂಬರ್, ಅಂದರೆ ರಾಡು ಕರಗಿಸಿದ ಲೋಹದ ಯಾವ ಬ್ಯಾಚಿನದು ಅನ್ನುವ ಗುರುತು. ನಡುವೆ ಅಳತೆ ಮಾಡಿದ ಮೈಕ್ರೋಮೀಟರ್‌ನ ಕ್ಯಾಲಿಬ್ರೇಶನ್ ಪತ್ರವನ್ನೂ (ಅದರ ಅಳತೆ ಪರೀಕ್ಷಿಸಿದ ದಾಖಲೆ) ಕೇಳಿದರು. ಪ್ರಶ್ನೆ ನನಗಲ್ಲ, ಆಪರೇಟರ್‌ಗೆ. ಆಮೇಲೆ ಒಮ್ಮೆ ಗ್ರಾಹಕರಿಂದ ಬಿರುಕಿನ ದೂರು ಬಂದಾಗ ಅದೇ ಹೀಟ್ ನಂಬರಿನ ಪೀಸುಗಳನ್ನಷ್ಟೇ ತಡೆದೆವು. ಇಲ್ಲದಿದ್ದರೆ ಇಡೀ ಆರ್ಡರ್ ವಾಪಸ್ ಬರುತ್ತಿತ್ತು.

ಖರ್ಚು ಮಾತ್ರ ಜಾಸ್ತಿ. ಸರ್ಟಿಫಿಕೇಟ್ ಮೂರು ವರ್ಷದ್ದು, ನಡುವೆ ವರ್ಷ ವರ್ಷ ಸರ್ವೇಲೆನ್ಸ್ ಆಡಿಟ್, ಅದಕ್ಕೂ ಫೀಸು. ಹುಡುಗರ ಗೊಣಗಾಟ ಇನ್ನೂ ನಿಂತಿಲ್ಲ: "ಬರೆಯೋಕೆ ಬಂದಿದ್ದೀವಾ, ಕೆಲಸ ಮಾಡೋಕಾ ಸರ್?" ಅವರ ಮಾತಲ್ಲೂ ನ್ಯಾಯ ಇದೆ, ಅಲ್ವಾ? ಅದಕ್ಕೇ ಮೂರು ಫಾರ್ಮ್ ಸೇರಿಸಿ ಒಂದೇ ಜಾಬ್ ಕಾರ್ಡ್ ಮಾಡಿದೆವು. ಮಾನದಂಡ ಇಂಥದ್ದೇ ಫಾರ್ಮ್ ಬೇಕು ಅನ್ನುವುದಿಲ್ಲ.

ನಮ್ಮ ಗ್ರಾಹಕರ ವೆಂಡರ್ ಫಾರ್ಮ್‌ಗಳಲ್ಲಿ ಐಎಸ್‌ಒಗೆ ಕಾಲಂ ಇದೆ. ಜೆಡ್ ಇದೆಯಾ ಅಂತ ಇದುವರೆಗೆ ಯಾರೂ ಕೇಳಿಲ್ಲ.

ಇನ್ನು ಆಡಿಟ್ ಇಲ್ಲದೆ ಮೇಲ್‌ನಲ್ಲೇ ಸರ್ಟಿಫಿಕೇಟ್ ಕಳಿಸುವವರೂ ಫೋನ್ ಮಾಡುತ್ತಾರೆ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವ ಕಂಪನಿಗೆ ಎನ್‌ಎಬಿಸಿಬಿಯಂಥ, ಇಂಥ ಕಂಪನಿಗಳನ್ನು ಪರಿಶೀಲಿಸುವ ಮಂಡಳಿಯ ಮಾನ್ಯತೆ ಇದೆಯಾ ನೋಡಿ. ಇಲ್ಲದಿದ್ದರೆ ಆ ದುಡ್ಡಿಗೆ ಒಂದು ಒಳ್ಳೆ ವರ್ನಿಯರ್ ತಗೊಳ್ಳಿ.