ಕುಮಾರ ಪರ್ವತದ ಪರ್ಮಿಟ್: ಏಜೆಂಟ್ ಯಾಕೆ, ನೀವೇ ಮಾಡ್ಕೊಳ್ಳಿ

ಹೋದ ವರ್ಷ ನಾವು ಆರು ಜನ, ನಾಲ್ವರು ಮೈಸೂರಿನವರು, ಇಬ್ಬರು ಮಂಡ್ಯದವರು, ಚೆನ್ನಾಗಿ ಟೋಪಿ ಹಾಕಿಸಿಕೊಂಡೆವು. ಇನ್‌ಸ್ಟಾಗ್ರಾಮಿನಲ್ಲಿ ಸಿಕ್ಕ ಒಬ್ಬ ಟ್ರೆಕ್ ಆಯೋಜಕ 'ಪರ್ಮಿಷನ್ ಎಲ್ಲಾ ಸೇರಿ' ಅಂತ ತಲೆಗೆ ಎರಡು ಸಾವಿರ ತೆಗೆದುಕೊಂಡ. ರಾತ್ರಿ ಹನ್ನೆರಡಕ್ಕೆ ಮೈಸೂರು ಬಿಟ್ಟು, ಹುಣಸೂರು, ಕುಶಾಲನಗರ, ಸೋಮವಾರಪೇಟೆ ದಾಟಿ, ಚಳಿಗೆ ನಡುಗುತ್ತಾ ಕುಮಾರ ಪರ್ವತದ ಚಾರಣ ಶುರುವಾಗುವ ಬೀದಳ್ಳಿ ಗೇಟಿಗೆ ಹೋಗಿ ನಿಂತರೆ ನಮ್ಮ ಹೆಸರೇ ಇಲ್ಲ. ಆಸಾಮಿಯ ಫೋನ್ ಆಫ್. ಗಾರ್ಡ್ ಪಾಪ ಬೈಯಲಿಲ್ಲ. 'ಟಿಕೆಟ್ ಇಲ್ದೆ ಬಿಡಕ್ಕಾಗಲ್ಲ ಸರ್, ಮಲ್ಲಳ್ಳಿ ಫಾಲ್ಸ್ ಆದ್ರೂ ನೋಡ್ಕೊಂಡು ಹೋಗಿ' ಅಂದರು. ನೋಡಿಕೊಂಡು ಬಂದೆವು, ಇನ್ನೇನು ಮಾಡೋದು.

ಈ ಸಲ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲಿ ನಾವೇ ಬುಕ್ ಮಾಡಿದೆವು. ಸುಮ್ನೆ ಹೆದರಿದ್ದೆವು ಅನ್ನಿಸಿತು. ಜಾಗ, ದಿನ ಆರಿಸಿ, ಪ್ರತಿಯೊಬ್ಬರ ಹೆಸರು ಮತ್ತು ಗುರುತಿನ ಚೀಟಿಯ ವಿವರ ಕೊಟ್ಟು ದುಡ್ಡು ಕಟ್ಟಿದರೆ ಮುಗೀತು. ಒಬ್ಬರೇ 10 ಜನರವರೆಗೂ ಟಿಕೆಟ್ ಮಾಡಬಹುದು, ಹಾಗಾಗಿ ಒಂದು ಗುಂಪಿಗೆ ಒಂದೇ ಮೊಬೈಲ್ ಸಾಕು. ಆಧಾರ್ ಮಾತ್ರ ಎಲ್ಲರೂ ತಪ್ಪದೆ ಇಟ್ಟುಕೊಳ್ಳಿ.

ಒಂದು ದಾರಿಗೆ ದಿನಕ್ಕೆ 300 ಜನ ಅಷ್ಟೇ. ಶನಿವಾರ, ಭಾನುವಾರದ್ದು ಬೇಗ ಖಾಲಿಯಾಗುತ್ತದೆ ಅಂತ ಗೊಣಗುವವರಿದ್ದಾರೆ. ಆದರೆ 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಇದೇ ಬೆಟ್ಟದಲ್ಲಿ ಜಾತ್ರೆ ಥರ ಸಾಲುಗಟ್ಟಿದ್ದ ಜನರ ವಿಡಿಯೋ ನೋಡಿದ್ದೀರಿ ಅಲ್ವಾ? ಅದಾದ ಮೇಲೆಯೇ ಆನ್‌ಲೈನ್ ಟಿಕೆಟ್ ಇಲ್ಲದ ಕಡೆ ಚಾರಣ ನಿಲ್ಲಿಸಿ, ಆ ವರ್ಷ ಅಕ್ಟೋಬರಿನಲ್ಲಿ ಈ ವೆಬ್‌ಸೈಟ್ ತಂದಿದ್ದು. ನಾವು ಬುಧವಾರ ರಜೆ ಹಾಕಿ ಹೋದೆವು. 1,712 ಮೀಟರ್ ಎತ್ತರದ ತುದಿಯಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ನಮ್ಮ ಮಾತು ಬಿಟ್ಟರೆ ಗಾಳಿಯ ಸದ್ದು ಮಾತ್ರ. ಆ ಒಂದು ಗಂಟೆಗೇ ಈ ನಿಯಮಕ್ಕೆ ನನ್ನ ಪೂರ್ತಿ ಮಾರ್ಕ್ಸ್.

ಮೊಬೈಲ್ ಅಷ್ಟಾಗಿ ಬಾರದವರಿಗೆ ಮಾತ್ರ ಇದು ಕಷ್ಟವೇ. ನಮ್ಮಪ್ಪ ವಯಸ್ಸಿನಲ್ಲಿ ಸುಬ್ರಹ್ಮಣ್ಯದಲ್ಲಿ ದರ್ಶನ ಮುಗಿಸಿ ಹಾಗೇ ಬೆಟ್ಟ ಹತ್ತಿದ್ದರಂತೆ. 'ಗುಡ್ಡ ಹತ್ತೋಕೂ ಓಟಿಪಿನಾ?' ಅಂತ ಈಗಲೂ ಕೇಳುತ್ತಾರೆ. ಅಂಥವರಿಗೆ ಮನೆಯ ಮಕ್ಕಳೇ ಮಾಡಿಕೊಡಬೇಕು. ಇನ್ನೊಂದು, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ಬಂದ್ ಮಾಡುತ್ತಾರೆ, ಮಳೆಗಾಲದಲ್ಲೂ ಬಿಡುವುದಿಲ್ಲ. ದಿನಾಂಕ ಸಿಗುತ್ತದಾ ನೋಡಿಕೊಂಡೇ ಗಾಡಿ ಬುಕ್ ಮಾಡಿ.

ಆ ಹನ್ನೆರಡು ಸಾವಿರ ಏನಾಯ್ತು ಅಂತ ಕೇಳಬೇಡಿ. 'ನಾಳೆ ಹಾಕ್ತೀನಿ ಬ್ರೋ' ಅಂದು ಒಂದು ವರ್ಷವಾಯಿತು.