ಶುಗರ್ ಇರುವವರಿಗೆ ವ್ಯಾಯಾಮ ಸಲಹೆ: 600 ರೂಪಾಯಿ, ಮುಕ್ಕಾಲು ಗಂಟೆ

ಮೈಸೂರಿನಲ್ಲಿ ನನ್ನದು ದಿನಸಿ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಗಲ್ಲಾದಲ್ಲಿ ಕೂತರೆ ರಾತ್ರಿ ಒಂಬತ್ತರವರೆಗೂ ಅಲ್ಲೇ. ಶುಗರ್ ಬಂದು 7 ವರ್ಷವಾಯಿತು. ಯಾರ ಹತ್ತಿರ ಹೋದರೂ "ವಾಕಿಂಗ್ ಮಾಡಿ" ಅಂತ ಒಂದೇ ಮಾತು. ಮಾಡಿದೆ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗಿ, ತಿಂಡಿ ತಿನ್ನದೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದವನಿಗೆ ಒಂದು ದಿನ ಮೈಯೆಲ್ಲ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟಿತು. ಯಾರೋ ಪುಣ್ಯಾತ್ಮರು ಕೊಟ್ಟ ಬಿಸ್ಕತ್ತು ತಿಂದು ಸುಧಾರಿಸಿಕೊಂಡೆ. ಆ ಮಾತ್ರೆ ತಗೊಂಡು ಹಸಿದ ಹೊಟ್ಟೆಯಲ್ಲಿ ನಡೆಯಬಾರದು, ಶುಗರ್ ತೀರಾ ಇಳಿದುಬಿಡಬಹುದು ಅಂತ ಅಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ. ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಆಮೇಲೆ ಮಗಳು ಹಟ ಹಿಡಿದು, 600 ರೂಪಾಯಿಗೆ ಮುಕ್ಕಾಲು ಗಂಟೆ ವ್ಯಾಯಾಮ ಸಲಹೆ ಕೊಡುವ ಹತ್ತಿರದ ಒಂದು ಕ್ಲಿನಿಕ್ಕಿಗೆ ಕಳಿಸಿದಳು. ಅಲ್ಲಿನ ಫಿಸಿಯೋಥೆರಪಿಸ್ಟ್ ಮೇಡಂ ಮೊದಲು ಮಾತ್ರೆ ಚೀಟಿ ನೋಡಿದರು, ಆಮೇಲೆ ನನ್ನ ಚಪ್ಪಲಿ. "ಕಣ್ಣು ಮುಚ್ಚಿ ಸಾರ್, ತಾಗಿದಾಗ ಹೇಳಿ" ಅಂತ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿದರು. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಒತ್ತಿದ್ದು ನನಗೆ ಗೊತ್ತೇ ಆಗಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಪಾದ ಮುಟ್ಟಿ ನೋಡಿದವರು ಅವರೊಬ್ಬರೇ. ಹೀಗೆ ಸ್ಪರ್ಶ ಗೊತ್ತಾಗದ ಕಡೆ ಗಾಯವಾದರೂ ತಿಳಿಯುವುದಿಲ್ಲ ಅಂತ ಹವಾಯಿ ಚಪ್ಪಲಿ ಬಿಡಿಸಿ ಮುಂದೆ ಅಗಲವಿರುವ ಶೂ ಹಾಕಿಸಿದರು. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಲು ಹೇಳಿದರು.

ವಾರಕ್ಕೆ 150 ನಿಮಿಷ ನಡಿಗೆ, ಸತತ ಎರಡು ದಿನ ತಪ್ಪಿಸಬಾರದು ಅಂದರು. ಅಷ್ಟು ಹೊತ್ತು ಅಂಗಡಿ ಬಿಡೋದು ಹೇಗೆ ಅಂದೆ. ಒಟ್ಟಿಗೆ ಬೇಡ, ಊಟವಾದ ಮೇಲೆ 15 ನಿಮಿಷ ಬೀದಿಯಲ್ಲೇ ನಡೆಯಿರಿ, ಸ್ನಾಯು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ ಅಂತ ಬಿಡಿಸಿ ಹೇಳಿದರು. ಅರ್ಧ ಗಂಟೆಗೊಮ್ಮೆ ಗಲ್ಲಾದಿಂದ ಏಳಬೇಕು. ವಾರದಲ್ಲಿ ಎರಡು ದಿನ 5 ಕೆಜಿ ಅಕ್ಕಿ ಚೀಲ ಎತ್ತಿ ಇಳಿಸಬೇಕು, ಉಸಿರು ಬಿಗಿ ಹಿಡಿಯದೆ. ಹೊರಡುವ ಮುಂಚೆ ಗ್ಲೂಕೋಮೀಟರ್ 100ಕ್ಕಿಂತ ಕಡಿಮೆ ತೋರಿಸಿದರೆ ಬಾಳೆಹಣ್ಣು ತಿನ್ನಬೇಕು. ಜೇಬಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು.

ನಾಲ್ಕು ತಿಂಗಳಾಯಿತು. ಮಧ್ಯಾಹ್ನದ ಊಟದ ನಂತರ 230ರ ಸುತ್ತ ಇರುತ್ತಿದ್ದದ್ದು ಈಗ 170ರ ಆಸುಪಾಸಿಗೆ ಬಂದಿದೆ. ಊಟ, ಮಾತ್ರೆ ಎರಡನ್ನೂ ಬದಲಿಸಿಲ್ಲ.

ಕೊರತೆಯೂ ಇದೆ. ಕ್ಲಿನಿಕ್ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ತೆರೆದಿರುತ್ತದೆ, ಭಾನುವಾರ ರಜೆ. ನಮ್ಮಂಥ ವ್ಯಾಪಾರಸ್ಥರಿಗೆ ಇದು ಕಷ್ಟ. ಕೊಟ್ಟ ಚಾರ್ಟ್ ಪೂರ್ತಿ ಇಂಗ್ಲಿಷ್. ಕೇಳಿದ ಮೇಲೆ ಮೇಡಂ ಅದರ ಹಿಂದೆ ಕನ್ನಡದಲ್ಲಿ ಕೈಯಾರೆ ಬರೆದುಕೊಟ್ಟರು. ತಕ್ಕಡಿ ಪಕ್ಕ ಅಂಟಿಸಿದ್ದೇನೆ. ಅದರ ಫೋಟೋ ತೆಗೆದುಕೊಳ್ಳಲು ಬಂದ ಗಿರಾಕಿಗಳಿಗೆ, ನಿಮ್ಮ ಮಾತ್ರೆ ಬೇರೆ ಇರುತ್ತದೆ, ಒಂದು ಸಲ ಪಾದ ತೋರಿಸಿಕೊಂಡು ಬನ್ನಿ ಅಂತ ಅಲ್ಲಿನ ವಿಳಾಸ ಕೊಟ್ಟು ಕಳಿಸುತ್ತಿದ್ದೇನೆ.